ನೇಪಾಳದ ಎರಡು ಬಾಗಿಲು

ಮೋಟಾರು ಮನುಷ್ಯನನ್ನು ಹೊರುವುದು ಲೋಕರೂಢಿ. ಮನುಷ್ಯರೇ ಮೋಟಾರನ್ನು ಹೊತ್ತ ದೇಶವೊಂದಿತ್ತು ಎಂದರೆ ನೀವು ನಗಬಹುದು. ನೇಪಾಳದ ರಾಜಧಾನಿಯಾದ ಕಠ್ಮಂಡುವಿಗೆ ಭಾರತದ ಬಯಲಿನಿಂದ ಗಾಡಿ ಹೋಗುವ ರಸ್ತೆಯೇ ಇಲ್ಲದಿದ್ದ ಕಾಲದಲ್ಲಿ, ಅಲ್ಲಿನ ರಾಣಾ ಪ್ರಭುಗಳು ತರಿಸಿಕೊಂಡ ಕಾರುಗಳ ಚಕ್ರ ಕಳಚಿ, ಬಿದಿರ ಬೊಂಬುಗಳಿಗೆ ಬಿಗಿದು, ಹತ್ತಾರು ಮಂದಿ ಕೂಲಿಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಕಣಿವೆಯೊಳಗೆ ಮೆರವಣಿಗೆ ಹೋಗುವುದಕ್ಕೆ ಸಾಕಷ್ಟು ರಸ್ತೆಯಿತ್ತು. ಕಣಿವೆಯಿಂದ ಹೊರಕ್ಕೆ ಇರಲಿಲ್ಲ.

ರಸ್ತೆ ಮಾಡಿಸಲು ರಾಣಾಗಳ ಬಳಿ ಹಣವಿರಲಿಲ್ಲವೆಂದಲ್ಲ. ಅವರ ಅರಮನೆಗಳಿಗೆ ಯುರೋಪಿನ ಗಾಜಿನ ದೀಪಗುಚ್ಛಗಳೂ ನಿಲುವುಗನ್ನಡಿಗಳೂ ಇದೇ ಬೆಟ್ಟದ ಕಾಲುದಾರಿಯಲ್ಲಿ ಬಂದಿದ್ದವು. ರಸ್ತೆ ಇಲ್ಲದಿರುವುದೇ ಅವರಿಗೆ ಕೋಟೆಯಾಗಿತ್ತು. ದಾರಿ ಮಾಡಿದರೆ ವ್ಯಾಪಾರಿ ಬರುತ್ತಾನೆ, ವ್ಯಾಪಾರಿಯ ಬೆನ್ನಿಗೆ ಸಿಪಾಯಿ ಬರುತ್ತಾನೆ ಎಂಬ ಅಂಜಿಕೆ. ಭಾರತದಲ್ಲಿ ಇಂಗ್ಲಿಷರ ಆಟವನ್ನು ಹತ್ತಿರದಿಂದ ಕಂಡವರ ಅಂಜಿಕೆ ಅದು. ಬರಿಯ ಮೂಢತನವೆಂದು ತಳ್ಳಿಹಾಕುವಂತಿಲ್ಲ. 1927ರ ಹೊತ್ತಿಗೆ ಗಡಿಯ ರಕ್ಸೌಲಿನಿಂದ ಅಮಲೇಖಗಂಜಿನವರೆಗೆ ಚಿಕ್ಕ ಹಳಿಯ ರೈಲೊಂದು ಬಂತು. ಬೆಟ್ಟದ ಮೇಲೆ ಸರಕು ಸಾಗಿಸಲು ಅದೇ ದಶಕದಲ್ಲಿ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲುಗಳು ಬಂದವು. ಜನ ಮಾತ್ರ ನಡೆದೇ ಹೋಗಬೇಕಾಗಿತ್ತು.

ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ಒಮ್ಮೆ ಬಿಡಿಸಿ ನೋಡಿ. ನೇಪಾಳ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ನೇಪಾಳದ್ದು ಸುಮಾರು 1,47,000. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 2 ಕೋಟಿ 91 ಲಕ್ಷ. ಪೂರ್ವ, ದಕ್ಷಿಣ, ಪಶ್ಚಿಮ ಮೂರು ಕಡೆಯೂ ಭಾರತ. ಉತ್ತರಕ್ಕೆ ಹಿಮಾಲಯದ ಗೋಡೆ, ಗೋಡೆಯಾಚೆ ಚೀನದ ಆಳ್ವಿಕೆಗೆ ಸೇರಿದ ಟಿಬೆಟ್ಟು. ಸಮುದ್ರವೆಂಬುದಿಲ್ಲ. ನೇಪಾಳವನ್ನು ಒಂದುಗೂಡಿಸಿದ ಪೃಥ್ವೀನಾರಾಯಣ ಶಾಹ ದೊರೆ ಹದಿನೆಂಟನೆಯ ಶತಮಾನದಲ್ಲೇ ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವೆ ಸಿಕ್ಕಿದ ಗೆಣಸಿಗೆ ಹೋಲಿಸಿದನೆಂದು ಹೇಳುತ್ತಾರೆ. ಅದು ದೂರದ ಯಾವುದೋ ನಾಡಿನ ಸಂಗತಿಯೆಂದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕಠ್ಮಂಡುವಿನ ಪಶುಪತಿನಾಥನ ಗುಡಿಯಲ್ಲಿ ಪೂಜೆಯ ಅಧಿಕಾರ ಪಡೆದ ಭಟ್ಟರು ತಲೆತಲಾಂತರದಿಂದ ನಮ್ಮ ಕಡೆಯಿಂದ ಹೋದವರು. ಆ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಹತ್ತಿಳಿದವರಲ್ಲಿ ಕನ್ನಡಿಗರೂ ಇದ್ದರೆನ್ನಬೇಕು.

ಈಗ ವಿಚಾರಿಸಬೇಕಾದ ಪ್ರಶ್ನೆ ಇದು. ಒಂದು ಮನೆ, ಅದರ ಎರಡು ಮಗ್ಗುಲಲ್ಲಿ ಇಬ್ಬರು ಸಿರಿವಂತ ನೆರೆಯವರು. ಅವರಿಬ್ಬರಿಗೂ ತಮ್ಮ ತಮ್ಮಲ್ಲಿ ಸರಿಯಿಲ್ಲ. ಇಬ್ಬರೂ ನಡುಮನೆಯವನ ಹತ್ತಿರ ಬಂದು, ‘ನಿನ್ನ ಬಾಗಿಲಿಗೆ ನಾನು ದಾರಿ ಮಾಡಿಸಿಕೊಡುತ್ತೇನೆ’ ಎನ್ನುತ್ತಾರೆ. ಇದು ಉಪಕಾರವೋ, ಹಕ್ಕು ಸಾಧಿಸುವ ಉಪಾಯವೋ? ನಡುಮನೆಯವನು ಇಬ್ಬರಿಂದಲೂ ದಾರಿ ಮಾಡಿಸಿಕೊಂಡರೆ ಅವನಿಗೆ ಎರಡು ದಾರಿಯಾದಂತಾಯಿತೋ ಇಲ್ಲವೋ?

ರಾಣಾಗಳ ಆಳ್ವಿಕೆ ಮುಗಿದದ್ದು 1951ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಚೀನದ ಸೈನ್ಯ ಟಿಬೆಟ್ಟನ್ನು ಪ್ರವೇಶಿಸಿತ್ತು. ಹಿಮಾಲಯವೇ ಕಾವಲು ಎಂದು ನೆಮ್ಮದಿಯಾಗಿದ್ದ ದೆಹಲಿಗೆ ಆಗ ಎಚ್ಚರವಾಯಿತು. 1952ರಲ್ಲಿ ಭಾರತದ ಸೈನ್ಯದ ಇಂಜಿನಿಯರುಗಳು ತರಾಯಿಯ ಬಯಲಿನಿಂದ ಕಠ್ಮಂಡುವಿಗೆ ರಸ್ತೆ ಕಡಿಯಲು ತೊಡಗಿದರು. 1956ರಲ್ಲಿ ಮುಗಿದ ಆ ರಸ್ತೆಗೆ ತ್ರಿಭುವನ ರಾಜಪಥವೆಂದು ಹೆಸರು. ಅದು ಏರಿ ದಾಟುವ ಸಿಂಭಂಜ್ಯಾಂಗ್ ಕಣಿವೆದ್ವಾರ ಸುಮಾರು 2,500 ಮೀಟರು ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರ. ಹಾವು ಸುತ್ತಿದಂತೆ ಸುತ್ತಿ ಸುತ್ತಿ ಹೋಗುವ ಆ ರಸ್ತೆಯಲ್ಲಿ ಮೊಟ್ಟಮೊದಲು ಮೋಟಾರು ತನ್ನ ಚಕ್ರದ ಮೇಲೆಯೇ ಕಠ್ಮಂಡುವನ್ನು ತಲುಪಿತು.

ದೊರೆ ಮಹೇಂದ್ರನಿಗೆ ಆ ಒಂದೇ ಬಾಗಿಲು ಸಾಲದೆನಿಸಿತು. 1961ರಲ್ಲಿ ಆತ ಪೀಕಿಂಗಿಗೆ ಹೋಗಿ, ಕಠ್ಮಂಡುವಿನಿಂದ ಟಿಬೆಟ್ಟಿನ ಗಡಿಯಲ್ಲಿರುವ ಕೋದಾರಿಯವರೆಗೆ ರಸ್ತೆ ಮಾಡಿಸಿಕೊಡಲು ಚೀನದೊಡನೆ ಒಪ್ಪಂದಕ್ಕೆ ಸಹಿ ಹಾಕಿ ಬಂದ. ಭಾರತದಲ್ಲಿ ಗಾಬರಿಯಾಯಿತು. ಮರುವರ್ಷವೇ ಭಾರತಕ್ಕೂ ಚೀನಕ್ಕೂ ಯುದ್ಧ ನಡೆದದ್ದನ್ನು ನೆನೆದರೆ ಆ ಗಾಬರಿ ಅಕಾರಣವೆನ್ನಲಾಗದು. ಈ ರಸ್ತೆಯಲ್ಲಿ ಕಮ್ಯುನಿಸಂ ಬರುವುದಿಲ್ಲವೆ ಎಂದು ಕೇಳಿದವರಿಗೆ, ಅದೇನು ಟ್ಯಾಕ್ಸಿಯಲ್ಲಿ ಕುಳಿತು ಬರುವುದೇ ಎಂಬರ್ಥದ ಉತ್ತರವನ್ನು ಮಹೇಂದ್ರ ಕೊಟ್ಟನೆಂದು ಈಗಲೂ ಹೇಳುವುದುಂಟು. ಸುಮಾರು 114 ಕಿಲೋಮೀಟರಿನ ಆ ರಸ್ತೆ 1967ರಲ್ಲಿ ತೆರೆಯಿತು. ಅದಕ್ಕಿಟ್ಟ ಹೆಸರು ಸೊಗಸಾದದ್ದು: ಅರನಿಕೋ ರಾಜಮಾರ್ಗ. ಅರನಿಕೋ ಹದಿಮೂರನೆಯ ಶತಮಾನದ ನೇಪಾಳಿ ಶಿಲ್ಪಿ. ಕುಬ್ಲಾಯಿಖಾನನ ಆಸ್ಥಾನಕ್ಕೆ ಹೋಗಿ ಇಂದಿನ ಪೀಕಿಂಗಿನಲ್ಲಿ ಬಿಳಿಯ ಸ್ತೂಪವನ್ನು ಕಟ್ಟಿದವನು. ಆ ಕಾಲಕ್ಕೆ ನೇಪಾಳದಿಂದ ಚೀನಕ್ಕೆ ಹೋಗುತ್ತಿದ್ದದ್ದು ಸಾಲದ ಅರ್ಜಿಯಲ್ಲ, ಕುಶಲವಿದ್ಯೆ.

ಅಲ್ಲಿಂದ ಮುಂದೆ ಸ್ಪರ್ಧೆ ಮೊದಲಾಯಿತು. ನೇಪಾಳದ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ, ತರಾಯಿಯ ಉದ್ದಕ್ಕೂ, ಸಾವಿರ ಕಿಲೋಮೀಟರಿಗೂ ಹೆಚ್ಚಿನ ಹೆದ್ದಾರಿಯೊಂದನ್ನು ಹಾಕಬೇಕೆಂದು ಮಹೇಂದ್ರನ ಯೋಜನೆ. 1960ರ ದಶಕದ ನಡುವಿನಲ್ಲಿ ಅದರ ಪೂರ್ವದ ಒಂದು ತುಂಡನ್ನು ಚೀನ ಕಟ್ಟಿಕೊಡುವುದೆಂದು ಗೊತ್ತಾಯಿತು. ಬಿಹಾರದ ಗಡಿಯ ಪಕ್ಕದಲ್ಲೇ ಚೀನೀ ಇಂಜಿನಿಯರುಗಳೆಂದರೆ ದೆಹಲಿ ಸುಮ್ಮನಿದ್ದೀತೇ? ಆ ಕೆಲಸವನ್ನು ತಾನೇ ಮಾಡಿಕೊಡುವುದಾಗಿ ಭಾರತ ಮುಂದೆ ಬಂತು. ನೇಪಾಳ ಚೀನಕ್ಕೆ ಬೇರೆ ಕೆಲಸ ಕೊಟ್ಟಿತು. ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ 174 ಕಿಲೋಮೀಟರಿನ ಪೃಥ್ವೀ ರಾಜಮಾರ್ಗ ಚೀನದ ನೆರವಿನಿಂದಾದದ್ದು ಹೀಗೆ. 1980ರ ದಶಕದಲ್ಲಿ ಇದೇ ಕಥೆ ಹೆದ್ದಾರಿಯ ಪಶ್ಚಿಮದ ತುದಿಯಲ್ಲಿ ಮತ್ತೆ ನಡೆಯಿತು. ವಿಶ್ವಬ್ಯಾಂಕಿನ ಸಾಲದ ಕೆಲಸ. ಟೆಂಡರಿನಲ್ಲಿ ಗೆದ್ದದ್ದು ಚೀನದ ಕಂಪನಿ. ಭಾರತ ಅಡ್ಡ ಬಂದು, ಆ ಭಾಗವನ್ನು ತನ್ನ ಅನುದಾನದಿಂದಲೇ ಮಾಡಿಸಿಕೊಡಲು ಒಪ್ಪಿತು. ಸಾಲದಲ್ಲಿ ಆಗಬೇಕಾದ ರಸ್ತೆ ನೇಪಾಳಕ್ಕೆ ಪುಕ್ಕಟೆಯಾಗಿ ದಕ್ಕಿತು.

ಇಷ್ಟನ್ನು ಕೇಳಿದರೆ, ಇಬ್ಬರ ಪೈಪೋಟಿಯಲ್ಲಿ ಮೂರನೆಯವನಿಗೆ ಲಾಭ ಎಂದು ನಿಮಗೆ ತೋರಬಹುದು. ಕೆಲವು ಕಾಲ ಹಾಗೆಯೇ ಇತ್ತು. ಮಹೇಂದ್ರ ಈ ಆಟದಲ್ಲಿ ಪಳಗಿದವನು. ಆದರೆ ಆ ಆಟಕ್ಕೊಂದು ಮಿತಿಯುಂಟು. ರಸ್ತೆಗೆ ಎರಡು ತುದಿ. ಒಂದು ತುದಿ ನಿಮ್ಮ ಊರಿನಲ್ಲಿದ್ದರೂ ಇನ್ನೊಂದು ತುದಿ ನೆರೆಯವನ ಸುಂಕದ ಕಟ್ಟೆಯಲ್ಲಿ. ರಸ್ತೆ ಕಟ್ಟಿದವನು ಯಾರು ಎಂಬುದಕ್ಕಿಂತ ಆ ಕಟ್ಟೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದೇ ಹೆಚ್ಚಿನ ಮಾತು.

1989ರಲ್ಲಿ ಅದು ಬಯಲಾಯಿತು. ಹಿಂದಿನ ವರ್ಷ ನೇಪಾಳ ಚೀನದಿಂದ ಆಯುಧಗಳನ್ನು ಕೊಂಡಿತ್ತು. ಬೇರೆ ತಕರಾರುಗಳೂ ಇದ್ದವು. ಭಾರತ ಮತ್ತು ನೇಪಾಳದ ನಡುವಣ ವ್ಯಾಪಾರ ಹಾಗೂ ಸಾಗಾಣಿಕೆಯ ಒಪ್ಪಂದಗಳ ಅವಧಿ ಮಾರ್ಚಿನಲ್ಲಿ ಮುಗಿದಾಗ ಅವನ್ನು ಮುಂದುವರಿಸಲಿಲ್ಲ. ಗಡಿಯ ಸಾಗಾಣಿಕೆ ಠಾಣ್ಯಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮುಚ್ಚಿದವು. ಸೀಮೆಎಣ್ಣೆಯಿಲ್ಲದೆ ನೇಪಾಳದ ಜನ ಒಲೆಗೆ ಕಾಡು ಕಡಿದರು. ಕೋದಾರಿಯ ರಸ್ತೆ ತೆರೆದೇ ಇತ್ತು. ಆದರೆ ಟಿಬೆಟ್ಟಿನ ಬರಡು ಪ್ರಸ್ಥಭೂಮಿಯನ್ನು ದಾಟಿ ಒಂದು ರಾಜಧಾನಿಗೆ ಬೇಕಾಗುವಷ್ಟು ಎಣ್ಣೆ, ಉಪ್ಪು ಸಾಗಿ ಬರುವುದು ಆಗದ ಮಾತಾಗಿತ್ತು.

ಎರಡನೆಯ ಸಲ ಇನ್ನೂ ಕಠಿಣವಾದ ಹೊತ್ತಿನಲ್ಲಿ ಬಂತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಗೆ ಬಂತು. ಅದರಲ್ಲಿ ತಮಗೆ ಅನ್ಯಾಯವಾಗಿದೆಯೆಂದು ತರಾಯಿಯ ಮಧೇಶಿ ಜನ ದಂಗೆಯೆದ್ದರು. ಕೆಲವೇ ದಿನಗಳಲ್ಲಿ ಭಾರತದ ಕಡೆಯಿಂದ ಲಾರಿಗಳು ಬರುವುದು ನಿಂತಿತು. ಚಳವಳಿಗಾರರು ದಾರಿ ಕಟ್ಟಿದ್ದಾರೆ, ನಾವಲ್ಲ ಎಂದು ಭಾರತ ಸರ್ಕಾರ ಹೇಳಿತು. ಇದು ಭಾರತವೇ ಹಾಕಿದ ದಿಗ್ಬಂಧನವೆಂದು ಕಠ್ಮಂಡು ನಂಬಿತು, ಈಗಲೂ ನಂಬುತ್ತದೆ. ನಿಜ ಏನೇ ಇರಲಿ, ಭೂಕಂಪದಲ್ಲಿ ಮನೆ ಕಳೆದುಕೊಂಡು ತಗಡಿನ ಕೆಳಗೆ ಮಲಗಿದ್ದವರು ಆ ಚಳಿಗಾಲವನ್ನು ಅಡುಗೆ ಅನಿಲವಿಲ್ಲದೆ, ಔಷಧಿಯ ಅಭಾವದಲ್ಲಿ ಕಳೆದರು. 2016ರ ಫೆಬ್ರವರಿಯವರೆಗೂ ಅದು ನಡೆಯಿತು. ಚೀನ 1,000 ಟನ್ನು ಪೆಟ್ರೋಲನ್ನು ದಾನವಾಗಿ ಕೊಟ್ಟಿತು. ಭೂಕಂಪದಿಂದ ಕೋದಾರಿಯ ಹಾದಿ ಮುಚ್ಚಿಹೋಗಿದ್ದುದರಿಂದ ಅದು ಕೇರುಂಗ್ ಎಂಬ ಬೇರೊಂದು ಗಡಿಯಿಂದ, ಕುಸಿಯುತ್ತಿದ್ದ ಬೆಟ್ಟದ ಅಂಚಿನ ರಸ್ತೆಯಲ್ಲಿ ಬರಬೇಕಾಯಿತು. ಬಾಯಾರಿದವನಿಗೆ ಉದ್ಧರಣೆಯಲ್ಲಿ ನೀರು ಕೊಟ್ಟಂತಾಯಿತೇ ಹೊರತು ದಾಹ ತೀರಲಿಲ್ಲ.

ಆದರೂ ಉದ್ಧರಣೆಯ ನೀರನ್ನು ನೇಪಾಳ ಮರೆಯಲಿಲ್ಲ. 2016ರ ಮಾರ್ಚಿನಲ್ಲಿ ಪ್ರಧಾನಮಂತ್ರಿ ಓಲಿಯವರು ಪೀಕಿಂಗಿಗೆ ಹೋಗಿ, ಚೀನದ ಮೂಲಕ ಸರಕು ಸಾಗಿಸುವ ಹಕ್ಕಿನ ಒಪ್ಪಂದ ಮಾಡಿಕೊಂಡರು. 2019ರಲ್ಲಿ ಅದರ ವಿವರಗಳು ಗೊತ್ತಾದವು: ಟಿಯಾಂಜಿನ್ ಮೊದಲಾದ ನಾಲ್ಕು ಬಂದರುಗಳು ನೇಪಾಳಕ್ಕೆ ತೆರೆದಿವೆ ಎಂದಾಯಿತು. ಕಾಗದದ ಮೇಲೆ ಎರಡನೆಯ ಬಾಗಿಲು ಸಿಕ್ಕಿತು. ಭೂಪಟ ಇನ್ನೂ ನಿಮ್ಮೆದುರಿಗಿದ್ದರೆ ಅಳೆದು ನೋಡಿ: ನೇಪಾಳದ ಗಡಿಯಿಂದ ಕಲ್ಕತ್ತೆಯ ಬಂದರು ಸುಮಾರು 700 ಕಿಲೋಮೀಟರು, ಚೀನದ ಬಂದರುಗಳು 3,000 ಕಿಲೋಮೀಟರಿಗೂ ಆಚೆ. ನೇಪಾಳದ ಹೊರವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಭಾರತದೊಡನೆಯೇ ನಡೆಯುತ್ತದೆಂಬುದು ಯಾರ ಕುತಂತ್ರವೂ ಅಲ್ಲ. ನೆಲದ ಇಳಿಜಾರು ಹಾಗಿದೆ.

ಭಾರತವೂ ಪಾಠ ಕಲಿಯಿತೆನ್ನಬೇಕು. ಬಿಹಾರದ ಮೋತಿಹಾರಿಯಿಂದ ಅಮಲೇಖಗಂಜಿಗೆ ಎಣ್ಣೆಯ ಕೊಳವೆ ಹಾಕಬೇಕೆಂಬ ಮಾತು ಹುಟ್ಟಿದ್ದು 1996ರಲ್ಲಿ. ಇಪ್ಪತ್ತು ವರ್ಷ ಅದು ಕಡತದಲ್ಲಿ ಮಲಗಿತ್ತು. ಚೀನದ ಪೆಟ್ರೋಲು ಕೇರುಂಗಿನಿಂದ ಬಂದ ಮೇಲೆ ಎದ್ದು ಕುಳಿತಿತು. 2019ರ ಸೆಪ್ಟೆಂಬರಿನಲ್ಲಿ 69 ಕಿಲೋಮೀಟರಿನ ಆ ಕೊಳವೆಯಲ್ಲಿ ಎಣ್ಣೆ ಹರಿಯಿತು. ದಕ್ಷಿಣ ಏಷ್ಯದಲ್ಲಿ ಗಡಿ ದಾಟಿದ ಮೊದಲ ಎಣ್ಣೆಕೊಳವೆ ಅದೇ. ನಮ್ಮವರು ಉದಾರಿಗಳು, ಆದರೆ ಪಕ್ಕದ ಅಂಗಡಿ ತೆರೆಯುವವರೆಗೂ ನಿಧಾನ!

ಈಗ ಪೋಖರಾದ ವಿಮಾನ ನಿಲ್ದಾಣವನ್ನು ನೋಡೋಣ. ಅನ್ನಪೂರ್ಣಾ ಶಿಖರಗಳ ಬುಡದಲ್ಲಿರುವ ಆ ಸರೋವರದ ಊರಿಗೆ ಹೊರದೇಶದ ಪ್ರವಾಸಿಗಳು ನೇರವಾಗಿ ಬಂದಿಳಿಯಬೇಕೆಂಬುದು ಅಲ್ಲಿನವರ ಬಹುಕಾಲದ ಆಸೆ. ಚೀನದ ರಫ್ತು–ಆಮದು ಬ್ಯಾಂಕು ಸುಮಾರು 21 ಕೋಟಿ 60 ಲಕ್ಷ ಡಾಲರು ಸಾಲ ಕೊಟ್ಟಿತು; ಚೀನದ ಕಂಪನಿಯೇ ಕಟ್ಟಿತು. 2023ರ ಜನವರಿ 1ರಂದು ನಿಲ್ದಾಣ ತೆರೆಯಿತು. ಚೀನದ ರಾಯಭಾರಿ ಕಚೇರಿ ಅದನ್ನು ತಮ್ಮ ‘ಬೆಲ್ಟ್ ಅಂಡ್ ರೋಡ್’ ಯೋಜನೆಯ ಕಾಣಿಕೆಯೆಂದು ಸಾರಿತು. ನೇಪಾಳ ಅಲ್ಲವೆಂದಿತು. ನೇಪಾಳ ಆ ಯೋಜನೆಗೆ ಸಹಿ ಹಾಕಿದ್ದು 2017ರಲ್ಲಿ. ನಿಲ್ದಾಣದ ಸಾಲ ಅದಕ್ಕೂ ಹಿಂದಿನದು. ಹೆಸರಿನ ಜಗಳ ಚಿಕ್ಕದೆಂದು ತೋರಬಹುದು. ಆದರೆ ಆ ಹೆಸರಿನ ಹಲಗೆ ತಗುಲಿದ ಕ್ಷಣ ಅದು ಬರಿಯ ನಿಲ್ದಾಣವಾಗಿ ಉಳಿಯದೆ ದೆಹಲಿಯ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ.

ನಿಲ್ದಾಣವಾದರೆ ಸಾಲದು, ವಿಮಾನಕ್ಕೆ ಆಕಾಶದಲ್ಲಿ ದಾರಿ ಬೇಕು. ದಕ್ಷಿಣದಿಂದ ನೇಪಾಳದೊಳಕ್ಕೆ ಬರುವ ವಿಮಾನಗಳಿಗೆ ಮುಖ್ಯವಾಗಿ ಸಿಮರಾ ಎಂಬಲ್ಲಿ ಒಂದೇ ಹೆಬ್ಬಾಗಿಲು. ಪಶ್ಚಿಮದಲ್ಲಿ ಇನ್ನೂ ಒಂದೆರಡು ಬಾಗಿಲು ಕೊಡಿ, ಪೋಖರಾಕ್ಕೂ ಲುಂಬಿನಿಯ ಹತ್ತಿರದ ಭೈರಹವಾಕ್ಕೂ ಹಾದಿ ಹತ್ತಿರವಾಗುತ್ತದೆ ಎಂದು ನೇಪಾಳ ವರ್ಷಾನುವರ್ಷ ಕೇಳುತ್ತ ಬಂತು. ಆ ಆಕಾಶ ಭಾರತದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನಿಗದಿಯಾದ ಹೊರದೇಶದ ವಿಮಾನ ಪೋಖರಾದಲ್ಲಿ ಇಳಿದದ್ದು ನಿಲ್ದಾಣ ತೆರೆದು ಎರಡು ವರ್ಷ ದಾಟಿದ ಮೇಲೆ, 2025ರ ಮಾರ್ಚ್ ಕೊನೆಯಲ್ಲಿ. ಅದೂ ವಾರಕ್ಕೊಂದು, ಲ್ಹಾಸಾದಿಂದ. ಎಲ್ಲ ತಪ್ಪೂ ಭಾರತದ್ದೆಂದಲ್ಲ. ಎಷ್ಟು ಪ್ರಯಾಣಿಕರು ಬಂದಾರೆಂಬ ಲೆಕ್ಕವೇ ಅತಿ ಆಸೆಯದಾಗಿತ್ತು. ಕಟ್ಟಡದ ಖರ್ಚಿನಲ್ಲಿ ಅಕ್ರಮಗಳಾಗಿವೆಯೆಂದು ನೇಪಾಳದ ಸಂಸತ್ತಿನ ಉಪಸಮಿತಿಯೇ 2025ರಲ್ಲಿ ವರದಿ ಮಾಡಿತು. ಆದರೆ ವಿಮಾನ ಬಂದರೂ ಬಾರದಿದ್ದರೂ ಸಾಲದ ಕಂತು ತಪ್ಪುವುದಿಲ್ಲ. ಕೊಟ್ಟವನು ಒಬ್ಬ, ದಾರಿ ಬಿಡದವನು ಇನ್ನೊಬ್ಬ, ತೀರಿಸುವವನು ಮೂರನೆಯವನು.

ವಿದ್ಯುತ್ತಿನ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ವಲ್ಪ ನಿಂತು ನೋಡಬೇಕಾದದ್ದು. ನೇಪಾಳದ ನಿಜವಾದ ಐಶ್ವರ್ಯವೆಂದರೆ ಬೆಟ್ಟದಿಂದ ಬಯಲಿಗೆ ಧುಮುಕುವ ನದಿಗಳು. ಅಷ್ಟಿದ್ದೂ 2009ರ ಚಳಿಗಾಲದಲ್ಲಿ ಕಠ್ಮಂಡುವಿನಲ್ಲಿ ದಿನಕ್ಕೆ ಹದಿನಾರು ಗಂಟೆ ದೀಪವಿರಲಿಲ್ಲ. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ವಿದ್ಯುದಾಗಾರಗಳು ಒಂದರ ಮೇಲೊಂದು ಎದ್ದವು. ಭಾರತದ ಮುಜಫರಪುರಕ್ಕೂ ನೇಪಾಳದ ಧಲ್ಕೇಬರಿಗೂ ನಡುವೆ ದೊಡ್ಡ ತಂತಿಮಾರ್ಗವಾಯಿತು. ಮಳೆಗಾಲದಲ್ಲಿ ವಿದ್ಯುತ್ತು ಮಿಗತೊಡಗಿತು. ಮಿಕ್ಕದ್ದನ್ನು ಮಾರಬೇಕು, ಕೊಳ್ಳುವವರು ಯಾರು? ಹಿಮಾಲಯದ ಆಚೆಗೆ ತಂತಿಯಿಲ್ಲ. ಇರುವ ಗಿರಾಕಿ ಒಬ್ಬನೇ, ಭಾರತ.

2021ರ ನವೆಂಬರಿನಲ್ಲಿ ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಾರಲು ನೇಪಾಳಕ್ಕೆ ಮೊದಲ ಅನುಮತಿ ದೊರೆಯಿತು. ಎಷ್ಟು? 39 ಮೆಗಾವಾಟು. ಯಾವ ವಿದ್ಯುದಾಗಾರಗಳದ್ದು? ತ್ರಿಶೂಲಿ ಮತ್ತು ದೇವಿಘಾಟ್. ಎರಡೂ ಹಿಂದೆ ಭಾರತದ ನೆರವಿನಿಂದ ಕಟ್ಟಿದವು. ಇದು ಕಾಕತಾಳೀಯವಲ್ಲ. ಭಾರತ ಮಾಡಿಕೊಂಡಿರುವ ನಿಯಮವೊಂದುಂಟು: ಭಾರತದೊಡನೆ ನೆಲದ ಗಡಿಯಿದ್ದು, ವಿದ್ಯುತ್ ಸಹಕಾರದ ಒಪ್ಪಂದವಿಲ್ಲದ ಮೂರನೆಯ ದೇಶದ ಬಂಡವಾಳವಿರುವ ವಿದ್ಯುದಾಗಾರದಿಂದ ವಿದ್ಯುತ್ತನ್ನು ಕೊಳ್ಳುವುದಿಲ್ಲ. ನಿಯಮದಲ್ಲಿ ಯಾವ ದೇಶದ ಹೆಸರೂ ಇಲ್ಲ. ಹೆಸರು ಬೇಕಾಗಿಯೂ ಇಲ್ಲ.

ಮೇಲಿನ ತಾಮಾಕೋಶಿ ಎಂಬ 456 ಮೆಗಾವಾಟಿನ ಕೇಂದ್ರವನ್ನು ಈಗ ತೆಗೆದುಕೊಳ್ಳಿ. 2021ರಲ್ಲಿ ಅದು ಕೆಲಸ ಮೊದಲುಮಾಡಿತು. ನೇಪಾಳಿಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೇಕೆಂದರೆ, ಅದಕ್ಕೆ ಹಾಕಿದ ಬಂಡವಾಳ ಅವರದೇ. ನೌಕರರ ಭವಿಷ್ಯನಿಧಿಯ ಹಣ, ಜೀವವಿಮೆಯ ಹಣ, ಜನ ಕೊಂಡ ಷೇರುಗಳು, ಆ ದೋಲಖಾ ಜಿಲ್ಲೆಯ ಹಳ್ಳಿಗರ ಷೇರುಗಳೂ ಸೇರಿವೆ. ಮೇಷ್ಟರು, ಗುಮಾಸ್ತರು, ರೈತರು ಉಳಿಸಿದ ದುಡ್ಡು. ಆದರೆ ಸುರಂಗ ಕೊರೆದು ಕಟ್ಟಡ ಕಟ್ಟಿದ ಗುತ್ತಿಗೆದಾರ ಚೀನದವನು. 2022ರಲ್ಲಿ ಅದರ ವಿದ್ಯುತ್ತನ್ನು ಮಾರಲು ಕೇಳಿದಾಗ ಭಾರತ ಒಪ್ಪಲಿಲ್ಲ. ಬಂಡವಾಳದ ಮೇಲಿದ್ದ ಮೈಲಿಗೆ ಗಾರೆಕೆಲಸದ ಮೇಲೂ ಹರಡಿತು.

ಭಾರತದ ವಾದವನ್ನೂ ಕೇಳಬೇಕು. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಸೈನಿಕರು ಚೀನೀ ಸೈನಿಕರೊಡನೆ ಹೋರಾಡಿ ಮಡಿದರು. ಆ ಮೇಲೆ, ನಾವು ಕೊಡುವ ದುಡ್ಡು ಬಳಸುದಾರಿಯಲ್ಲಿ ಅವರ ಕಂಪನಿಗಳ ಕಿಸೆಗೆ ಏಕೆ ಹೋಗಬೇಕು, ನಮ್ಮ ತಂತಿಜಾಲದ ಒಂದು ತುದಿ ಅವರ ಕೈಯಲ್ಲಿ ಏಕೆ ಇರಬೇಕು ಎಂದು ಕೇಳುವುದು ಅಸಹಜವಲ್ಲ. ಕೊಳ್ಳುವವನಿಗೆ ಬೇಡವೆನ್ನುವ ಹಕ್ಕೂ ಇದೆ. ಆದರೆ ಒಬ್ಬನೇ ಗಿರಾಕಿಯಿರುವ ಸಂತೆಯಲ್ಲಿ ಬೇಡವೆನ್ನುವುದಕ್ಕೂ ಅಪ್ಪಣೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿಲ್ಲ ಎಂಬುದು ನನ್ನ ಅಭಿಪ್ರಾಯ. ತಮಾಷೆಯೆಂದರೆ, ತಂತಿಗೆ ಬಿದ್ದ ಮೇಲೆ ವಿದ್ಯುತ್ತಿಗೆ ಕುಲಗೋತ್ರವಿಲ್ಲ. ತಾಮಾಕೋಶಿಯ ವಿದ್ಯುತ್ತನ್ನು ನೇಪಾಳ ತನ್ನ ಮನೆಯಲ್ಲಿ ಉರಿಸಿಕೊಂಡು, ಕಾಳೀಗಂಡಕಿಯದನ್ನು ಭಾರತಕ್ಕೆ ಮಾರುತ್ತದೆ. ನೀರೆಲ್ಲ ಒಂದೇ ಕೊಳದ್ದು, ಬಿಂದಿಗೆ ಮಾತ್ರ ಬೇರೆ.

ಈ ನಿಯಮದ ಪರಿಣಾಮ ಕಟ್ಟಿ ಮುಗಿದವುಗಳಿಗಿಂತ ಇನ್ನೂ ಕಟ್ಟದವುಗಳ ಮೇಲೆ ಹೆಚ್ಚು. 2024ರ ಜನವರಿಯಲ್ಲಿ, ಹತ್ತು ವರ್ಷಗಳೊಳಗೆ 10,000 ಮೆಗಾವಾಟು ಕೊಳ್ಳುವುದಾಗಿ ಭಾರತ ಒಪ್ಪಂದ ಮಾಡಿಕೊಂಡಿತು. ದೊಡ್ಡ ಮಾತು, ಗಿರಾಕಿ ಖಚಿತವಾದಂತೆ. ಆದರೆ ಆ ಗಿರಾಕಿಯನ್ನು ನಂಬಿ ಕಟ್ಟುವವನು ಚೀನದ ಕಂಪನಿಯ ಕಡೆ ತಿರುಗಿಯೂ ನೋಡಲಾರ. ಪಶ್ಚಿಮ ನೇಪಾಳದ ಪಶ್ಚಿಮ ಸೇತಿ ಎಂಬ ಯೋಜನೆಯನ್ನು ಚೀನದ ದೊಡ್ಡ ಕಂಪನಿಯೊಂದು 2012ರಲ್ಲಿ ಹಿಡಿದು, ಲಾಭವಿಲ್ಲವೆಂದು 2018ರಲ್ಲಿ ಬಿಟ್ಟಿತು. 2022ರಲ್ಲಿ ಅದು ಭಾರತ ಸರ್ಕಾರದ ಜಲವಿದ್ಯುತ್ ನಿಗಮದ ಕೈಗೆ ಬಂತು.

ಬೂಢಿ ಗಂಡಕಿಯ ಗತಿ ಇನ್ನೂ ವಿಚಿತ್ರ. 1,200 ಮೆಗಾವಾಟಿನ ಆ ಅಣೆಕಟ್ಟನ್ನು 2017ರ ಜೂನ್‌ನಲ್ಲಿ ಪ್ರಚಂಡರ ಸರ್ಕಾರ ಚೀನದ ಕಂಪನಿಗೆ ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ದೇವುಬಾರ ಸರ್ಕಾರ ಕಿತ್ತುಕೊಂಡಿತು. ಮರುವರ್ಷ ಓಲಿಯವರ ಸರ್ಕಾರ ಅದೇ ಕಂಪನಿಗೆ ಮತ್ತೆ ಕೊಟ್ಟಿತು. 2022ರಲ್ಲಿ ದೇವುಬಾರ ಸರ್ಕಾರ ಮತ್ತೆ ಕಿತ್ತುಕೊಂಡಿತು. ಕಠ್ಮಂಡುವಿನ ಕುರ್ಚಿಯಲ್ಲಿ ಯಾರು ಕುಳಿತರೆಂಬುದನ್ನು ಆ ನದಿಯ ದಂಡೆಯಲ್ಲಿ ನಿಂತೇ ತಿಳಿಯಬಹುದಾಗಿತ್ತು. ಆ ಅಣೆಕಟ್ಟಿಗೆಂದು 2016ರಿಂದ ಪೆಟ್ರೋಲಿನ ಪ್ರತಿ ಲೀಟರಿನ ಮೇಲೂ ಐದು ರೂಪಾಯಿ ತೆರಿಗೆ ಹಾಕಿದರು. ಗೋರ್ಖಾ ಮತ್ತು ಧಾದಿಂಗ್ ಜಿಲ್ಲೆಗಳಲ್ಲಿ ಮುಳುಗಡೆಯಾಗಲಿರುವ ಊರುಗಳ ಜನ, ಭೂಕಂಪದಲ್ಲಿ ಮನೆ ಬಿದ್ದವರೇ ಹಲವರು, ಅಲ್ಲೇ ಮತ್ತೆ ಕಟ್ಟಬೇಕೋ ಪರಿಹಾರ ಪಡೆದು ಹೊರಡಬೇಕೋ ತಿಳಿಯದೆ ವರ್ಷಗಟ್ಟಲೆ ಕುಳಿತರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ. ಇಲ್ಲಿನ ಜಗಳವಂತೂ ಮದುವೆಯೇ ಆಗದವರದು.

ರೈಲಿನ ಮಾತು ಎತ್ತದಿದ್ದರೆ ಈ ಕಥೆ ಪೂರ್ತಿಯಾಗದು. ಚೀನದ ರೈಲು 2006ರಲ್ಲಿ ಲ್ಹಾಸಾ ಮುಟ್ಟಿತು, 2014ರಲ್ಲಿ ಶಿಗಾತ್ಸೆ ಮುಟ್ಟಿತು. ಅಲ್ಲಿಂದ ಕೇರುಂಗಿಗೆ, ಕೇರುಂಗಿನಿಂದ ಕಠ್ಮಂಡುವಿಗೆ ತರುವುದೆಂಬ ಕನಸು. ನೇಪಾಳದೊಳಗಿನ ಭಾಗ ಸುಮಾರು 72 ಕಿಲೋಮೀಟರು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುರಂಗ ಮತ್ತು ಸೇತುವೆ. 2022ರ ಕೊನೆಯಲ್ಲಿ ಚೀನದ ತಜ್ಞರು ವಿವರವಾದ ಪರಿಶೀಲನೆಗೆ ತೊಡಗಿದರು. ಭಾರತ ಇದಕ್ಕೆ ಎದುರಾಗಿ ರಕ್ಸೌಲಿನಿಂದ ಕಠ್ಮಂಡುವಿಗೆ ರೈಲು ಎಂದಿತು. ಅದರ ಮೋಜಣಿ ಮಾಡಿದವರು ನಮಗೆ ಪರಿಚಿತರೇ: ಕಾರವಾರ, ಉಡುಪಿಗಳ ಮೂಲಕ ಹಳಿ ಹಾಕಿದ ಕೊಂಕಣ ರೈಲ್ವೆ. ಘಟ್ಟ, ಸುರಂಗ, ಭೂಕುಸಿತಗಳಲ್ಲಿ ಪಳಗಿದ ಸಂಸ್ಥೆ. ಜಯನಗರದಿಂದ ಜನಕಪುರದ ಮೂಲಕ ಕುರ್ಥಾಕ್ಕೆ 2022ರ ಏಪ್ರಿಲಿನಲ್ಲಿ ಮತ್ತೆ ಮೊದಲಾದ ರೈಲಿನ ಡಬ್ಬಿಗಳೂ ಅದರ ಮೂಲಕವೇ ಹೋದವು. ಇದು ಬಯಲಿನ ರೈಲು, ಓಡುತ್ತಿದೆ. ಕಠ್ಮಂಡುವಿನ ಎರಡು ರೈಲುಗಳು ಇನ್ನೂ ಕಾಗದದ ಮೇಲಿವೆ. ಹಳಿಗಳ ನಡುವಣ ಅಂತರ ಭಾರತದ ಬ್ರಾಡ್‌ಗೇಜಿನಲ್ಲಿ 1,676 ಮಿಲಿಮೀಟರು, ಚೀನದಲ್ಲಿ 1,435. ಎರಡೂ ಬಂದು ಕಠ್ಮಂಡುವಿನಲ್ಲಿ ಸೇರಿದರೂ ಒಂದರ ಡಬ್ಬಿ ಇನ್ನೊಂದರ ಹಳಿಯ ಮೇಲೆ ಹೋಗದು. ಖರ್ಚಿನದೂ ಪ್ರಶ್ನೆಯೇ. ಸಾಲ ಬೇಡ, ಅನುದಾನವಾದರೆ ಸರಿ ಎಂದು ನೇಪಾಳ ಚೀನದೊಡನೆ ಬಹುಕಾಲ ಚೌಕಾಶಿ ಮಾಡಿತು. 2024ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಎರಡಕ್ಕೂ ಹೊಂದುವಂಥ ಮಾತನ್ನು ಹುಡುಕಿ ಸೇರಿಸಬೇಕಾಯಿತು.

ಇಬ್ಬರು ದೊಡ್ಡವರ ನಡುವೆ ಹಗೆಯಿದ್ದರೆ ಹೀಗೆ. ಸ್ನೇಹವಾದರೆ ಸುಖವೇ? ಲಿಪುಲೇಖವೆಂಬ ಕಣಿವೆದ್ವಾರ ತನ್ನದೆಂದು ನೇಪಾಳದ ವಾದ, ತನ್ನದೆಂದು ಭಾರತದ ವಾದ. 2015ರಲ್ಲಿ ಭಾರತವೂ ಚೀನವೂ ಕೈಕುಲುಕಿ ಆ ದಾರಿಯಲ್ಲಿ ವ್ಯಾಪಾರ ಬೆಳೆಸೋಣವೆಂದುಕೊಂಡವು. ನೇಪಾಳವನ್ನು ಒಂದು ಮಾತು ಕೇಳಲಿಲ್ಲ. 2025ರ ಆಗಸ್ಟಿನಲ್ಲಿ ಎರಡು ದೇಶಗಳ ಸಂಬಂಧ ಸುಧಾರಿಸತೊಡಗಿದಾಗ ಮತ್ತೆ ಹಾಗೆಯೇ ಆಯಿತು. ಎರಡು ಸಲವೂ ಕಠ್ಮಂಡು ಆಕ್ಷೇಪಣೆ ಬರೆದು ಕಳಿಸಿತು.

ಈಚೆಗೆ ಬೇರೊಂದು ಬಗೆಯ ಹಾದಿಯೂ ಸಣ್ಣದಾಗಿ ತೆರೆದಿದೆ. 2024ರ ಅಕ್ಟೋಬರಿನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶ ಮೂರೂ ಸೇರಿ ಒಪ್ಪಂದ ಮಾಡಿಕೊಂಡವು: ಮಳೆಗಾಲದ ಐದು ತಿಂಗಳು ನೇಪಾಳದ 40 ಮೆಗಾವಾಟು ಭಾರತದ ತಂತಿಯ ಮೇಲೆ ಹಾದು ಬಾಂಗ್ಲಾದೇಶಕ್ಕೆ ಹೋಗಬೇಕು. ಬರಿಯ 40 ಮೆಗಾವಾಟು. ಆದರೆ ನೇಪಾಳಕ್ಕೆ ಎರಡನೆಯ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಆ ಗಿರಾಕಿ ಸಿಕ್ಕಿದ್ದು ಮೊದಲ ಗಿರಾಕಿ ದಾರಿ ಬಿಟ್ಟದ್ದರಿಂದ. 2025ರ ಜೂನ್ 15ರಿಂದ ಅದು ನಿಯಮವಾಗಿ ಹರಿಯತೊಡಗಿತು.

ಮೂರು ವಾರಗಳ ಮೇಲೆ, ಜುಲೈ 8ರ ಬೆಳಗಿನ ಜಾವ, ಕೇರುಂಗಿನ ಗಡಿಯಲ್ಲಿ ಭೋಟೆಕೋಶಿ ನದಿ ದಿಢೀರನೆ ಉಕ್ಕಿತು. ಅಲ್ಲಿ ಅಂಥ ಮಳೆಯೇನೂ ಬಿದ್ದಿರಲಿಲ್ಲ. ಟಿಬೆಟ್ಟಿನ ಕಡೆ, ಹಿಮನದಿಯ ಮೇಲೆ ಕರಗಿ ನಿಂತಿದ್ದ ಕೊಳವೊಂದು ಬರಿದಾಗಿ ಹರಿದು ಬಂದದ್ದೆಂದು ತಜ್ಞರು ಆಮೇಲೆ ಕಂಡುಕೊಂಡರು. ನೇಪಾಳವನ್ನೂ ಚೀನವನ್ನೂ ಸೇರಿಸುವ ಮೈತ್ರಿ ಸೇತುವೆ ಕೊಚ್ಚಿಹೋಯಿತು. ಸುಂಕದ ಕಟ್ಟೆಯಲ್ಲಿ ನಿಂತಿದ್ದ ಲಾರಿಗಳೂ ಚೀನದಿಂದ ಬಂದಿದ್ದ ಹೊಸ ಕಾರುಗಳೂ ತೇಲಿಹೋದವು. ಹಲವರು ಪ್ರಾಣ ಕಳೆದುಕೊಂಡರು. ರಸುವಾಗಢಿಯ ವಿದ್ಯುದಾಗಾರವೂ ಅದರ ಕೆಳಗೆ ಅದೇ ನದಿಯನ್ನು ನೆಚ್ಚಿದ್ದ ಹಲವೂ ಕೆಲಸ ನಿಲ್ಲಿಸಿದವು. ಕೆಳಗಿನವರಿಗೆ ಮೇಲಿನಿಂದ ಮುನ್ಸೂಚನೆ ಬಂದಿರಲಿಲ್ಲ. ರಸ್ತೆ, ನಿಲ್ದಾಣ, ರೈಲುಗಳಿಗೆ ಒಪ್ಪಂದಗಳಾಗಿದ್ದ ಆ ಗಡಿಯಲ್ಲಿ, ನದಿಯ ನೀರು ಏರಿತೆಂದು ಕೂಗಿ ಹೇಳುವ ಏರ್ಪಾಡು ಮಾತ್ರ ಆಗಿರಲಿಲ್ಲ.